ನದೀಮೂಲವನ್ನು ಕೇಳಿದವರು



ಈ ಉಪನ್ಯಾಸದ ದತ್ತಿಯ ಮೂಲಪುರುಷರನ್ನು ನಾನು ಕಂಡವನಲ್ಲ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿ ಅಲ್ಲಿಯೇ ಶಿರಸ್ತೇದಾರರಾಗಿ ನಿವೃತ್ತರಾದ ಅವರು, ತಮ್ಮ ಉಳಿತಾಯದ ಒಂದಂಶವನ್ನು ಈ ಕಾರ್ಯಕ್ಕೆಂದು ಮೀಸಲಿಡುವಾಗ, ಉಪನ್ಯಾಸದ ವಿಷಯವು ಸಂಬಳಕ್ಕೆ ದುಡಿಯುವ ಸಾಮಾನ್ಯನಿಗೆ ಉಪಯೋಗಕ್ಕೆ ಬರತಕ್ಕದ್ದಾಗಿರಬೇಕೆಂಬ ಒಂದೇ ಒಂದು ಷರತ್ತನ್ನು ದತ್ತಿಪತ್ರದಲ್ಲಿ ಬರೆಯಿಸಿದರೆಂದು ಕಾರ್ಯದರ್ಶಿಗಳು ನನಗೆ ತಿಳಿಸಿದರು. ಷರತ್ತನ್ನು ಕೇಳಿ ಮೊದಲು ಸಂತೋಷಪಟ್ಟೆನು. ಆಮೇಲೆ ಯೋಚನೆಗೆ ಬಿದ್ದೆನು. ವೇದಾಂತವನ್ನು ಕುರಿತು ಒಂದು ಗಂಟೆ ಮಾತನಾಡುವುದು ಸುಲಭ. ನಾಳೆ ಬೆಳಗ್ಗೆ ಹತ್ತೂವರೆ ಗಂಟೆಗೆ ಕಡತದ ಕಟ್ಟನ್ನು ಬಿಚ್ಚುತ್ತಿರುವ ಗುಮಾಸ್ತೆಯೊಬ್ಬನಿಗೆ ತಾನಾಗಿ ನೆನಪಿಗೆ ಬರುವಂಥ ಒಂದು ಮಾತನ್ನು ಹೇಳುವುದು ಅಷ್ಟು ಸುಲಭವಲ್ಲ. ಕಡೆಗೆ, ದಿನದ ದುಡಿಮೆಯ ನಡುವೆ ಜಿಜ್ಞಾಸೆಯನ್ನು ಬೆಳೆಸಿಕೊಳ್ಳುವುದು ಹೇಗೆಂಬುದನ್ನೇ ವಿಷಯವಾಗಿ ಆರಿಸಿಕೊಂಡು ನಿಮ್ಮ ಮುಂದೆ ನಿಂತಿದ್ದೇನೆ.

ಈ ವಿಷಯವನ್ನು ಎತ್ತಿಕೊಂಡ ಕ್ಷಣವೇ ನಮ್ಮ ಗಾದೆಯೊಂದು ಎದುರು ನಿಂತು ದಾರಿಗೆ ಅಡ್ಡವಾಗುತ್ತದೆ. ಋಷಿಮೂಲವನ್ನೂ ನದೀಮೂಲವನ್ನೂ ಕೇಳಬಾರದೆಂಬುದು ನಮ್ಮ ಹಿರಿಯರ ಮಾತು. ಹೊರಟವರನ್ನು 'ಎಲ್ಲಿಗೆ?' ಎಂದು ಕೇಳುವುದು ಅಪಶಕುನ. ದೊಡ್ಡವರ ನಡುವೆ ಬಾಯಿಹಾಕಿದ ಮಗು ಅಧಿಕಪ್ರಸಂಗಿ. ಹೀಗೆ ಪ್ರಶ್ನೆಯನ್ನು ಬಾಗಿಲಲ್ಲಿಯೇ ತಡೆಯುವ ನುಡಿಗಟ್ಟುಗಳು ನಮ್ಮ ಭಾಷೆಯಲ್ಲಿ ಬೇಕಾದಷ್ಟಿವೆ. ಆದರೆ ಇದೇ ಜನ ಪ್ರತಿವರ್ಷ ತುಲಾಸಂಕ್ರಮಣದಂದು, ಅಂದರೆ ಅಕ್ಟೋಬರ್ ತಿಂಗಳ ನಡುವೆ, ಹಗಲೆನ್ನದೆ ಇರುಳೆನ್ನದೆ ಬ್ರಹ್ಮಗಿರಿಯನ್ನು ಏರಿ ತಲಕಾವೇರಿಯ ಪುಟ್ಟ ಕುಂಡಿಕೆಯ ಸುತ್ತ ಕಿಕ್ಕಿರಿದು ನಿಂತು, ನೀರು ಉಕ್ಕುವ ಮುಹೂರ್ತವನ್ನು ಕಣ್ಣು ಮಿಟುಕಿಸದೆ ಕಾಯುತ್ತಾರೆ. ನದೀಮೂಲವನ್ನು ಕೇಳಕೂಡದೆಂದ ಬಾಯಿ ಬೇರೆ, ಅದನ್ನು ನೋಡಲು ಬೆಟ್ಟವೇರಿದ ಕಾಲು ಬೇರೆ ಎಂದು ತೋರುತ್ತದೆ. ನನ್ನ ನಂಬಿಕೆ ಕಾಲಿನ ಕಡೆಗಿದೆ.

ಜಿಜ್ಞಾಸೆ ಎಂಬ ಶಬ್ದದ ವಿಚಾರವಾಗಿ, ಹಳೆಯ ಮೇಷ್ಟರ ಚಾಳಿಯೆಂದು ಕ್ಷಮಿಸಿ, ಎರಡು ಮಾತು ಹೇಳಬೇಕಾಗಿದೆ. ಸಂಸ್ಕೃತದಲ್ಲಿ 'ಜ್ಞಾ' ಎಂಬ ಧಾತುವಿಗೆ ಇಚ್ಛಾರ್ಥದಲ್ಲಿ 'ಸನ್' ಪ್ರತ್ಯಯ ಸೇರಿದಾಗ ಧಾತುವು ದ್ವಿರುಕ್ತಿಯನ್ನು ಪಡೆದು ಜಿಜ್ಞಾಸೆಯಾಗುತ್ತದೆ. ಕುಡಿಯಬೇಕೆಂಬ ಇಚ್ಛೆ ಪಿಪಾಸೆಯಾದದ್ದೂ ಉಣ್ಣಬೇಕೆಂಬ ಇಚ್ಛೆ ಬುಭುಕ್ಷೆಯಾದದ್ದೂ ಹೀಗೆಯೇ. ಆದುದರಿಂದ ನಮ್ಮ ಪ್ರಾಚೀನ ವೈಯಾಕರಣರ ದೃಷ್ಟಿಯಲ್ಲಿ ಜಿಜ್ಞಾಸೆ ಹಸಿವು ಬಾಯಾರಿಕೆಗಳ ಒಡಹುಟ್ಟು. ಪಂಡಿತರ ಪೆಟ್ಟಿಗೆಯ ಒಡವೆಯಲ್ಲ. ಇದೇ ಒಕ್ಕಲಿನ ಇನ್ನೊಂದು ಶಬ್ದ ಶುಶ್ರೂಷೆ. ಕೇಳಬೇಕೆಂಬ ಇಚ್ಛೆಯೇ ಅದರ ಮೂಲಾರ್ಥ; ಗುರುವಿನ ಮಾತನ್ನು ಕೇಳಬಯಸಿ ಬಳಿಯಲ್ಲಿದ್ದವನು ಅವನ ಸೇವೆಯನ್ನೂ ಮಾಡುತ್ತಿದ್ದನಾಗಿ ಅದು ಸೇವೆಯೆಂಬ ಅರ್ಥಕ್ಕೆ ತಿರುಗಿ, ಇಂದು ಆಸ್ಪತ್ರೆಯ ಶಬ್ದವಾಗಿ ಕುಳಿತಿದೆ. ಕುತೂಹಲದ ಜಾತಿ ಬೇರೆ. ಅದು ಮಿಂಚಿನಂತೆ ಬಂದು ಹೋಗುವುದು. ಸಂತೆಯಲ್ಲಿ ಜನ ಗುಂಪುಗೂಡಿದ್ದರೆ ಇಣುಕಿ ನೋಡುವುದು, ಬಸ್ಸಿನಲ್ಲಿ ಪಕ್ಕದವನ ಸಂಬಳವೆಷ್ಟೆಂದು ವಿಚಾರಿಸುವುದು, ಎಲ್ಲವೂ ಕುತೂಹಲವೇ. ಧಾತು ತನ್ನನ್ನು ತಾನು ಎರಡು ಸಲ ಹೇಳಿಕೊಂಡ ಹಾಗೆ, ಬಂದ ಪ್ರಶ್ನೆಯನ್ನು ಎರಡನೆಯ ಸಲ ಕೇಳಿಕೊಂಡಾಗಲೇ ಕುತೂಹಲವು ಜಿಜ್ಞಾಸೆಯಾಗುತ್ತದೆಂದು ನಾನು ತಿಳಿದಿದ್ದೇನೆ.

ಪ್ರಶ್ನೋಪನಿಷತ್ತಿನ ಕಥಾಭಾಗವನ್ನು ನೀವು ಬಲ್ಲಿರಿ. ಆರು ಮಂದಿ ಸಮಿತ್ತನ್ನು ಹಿಡಿದು ಪಿಪ್ಪಲಾದನೆಂಬ ಋಷಿಯಲ್ಲಿಗೆ ಬಂದಾಗ ಆತನು ಉತ್ತರ ಹೇಳುವ ಆತುರವನ್ನು ತೋರಲಿಲ್ಲ; ಒಂದು ವರ್ಷ ನಿಯಮದಿಂದ ಇಲ್ಲಿರಿ, ಆಮೇಲೆ ಕೇಳಿರಿ, ನಮಗೆ ತಿಳಿದಿದ್ದರೆ ಹೇಳುತ್ತೇವೆ ಎಂದನು. ಆರನೆಯವನಾಗಿ ಪ್ರಶ್ನೆ ಮಾಡಿದ ಸುಕೇಶನ ಮಾತು ನನಗೆ ಬಹು ಪ್ರಿಯವಾದುದು. ಕೋಸಲದ ರಾಜಪುತ್ರನಾದ ಹಿರಣ್ಯನಾಭನು ಹಿಂದೊಮ್ಮೆ ತನ್ನಲ್ಲಿಗೆ ಬಂದು ಹದಿನಾರು ಕಲೆಗಳ ಪುರುಷನ ವಿಚಾರವನ್ನು ಕೇಳಿದಾಗ ತನಗೆ ತಿಳಿಯದೆಂದು ಹೇಳಬೇಕಾಯಿತೆಂದೂ, ರಾಜಪುತ್ರನು ಮಾತಿಲ್ಲದೆ ರಥವೇರಿ ಹೊರಟುಹೋದನೆಂದೂ ಅವನು ಒಪ್ಪಿಕೊಳ್ಳುತ್ತಾನೆ. ಬೇರೊಬ್ಬನು ಬಿಟ್ಟುಹೋದ ಪ್ರಶ್ನೆಯನ್ನು ಅವನು ತನ್ನ ಬುತ್ತಿಯೊಡನೆ ಕಟ್ಟಿಕೊಂಡು ತಿರುಗಿದ್ದನು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಅವಮಾನವೆಂದು ಮರೆಯುತ್ತೇವೆ; ಅವನು ಅದನ್ನು ಕಾಪಾಡಿಕೊಂಡನು.

ಈಗ ನನ್ನ ಊರಿಗೆ ಬರುತ್ತೇನೆ. ನಮ್ಮೂರ ಕೆರೆಯ ಏರಿಯ ಮೇಲೆ, ತೂಬಿನ ಪಕ್ಕದಲ್ಲಿ, ಆಳೆತ್ತರದ ಒಂದು ಕಲ್ಲು ನೆಟ್ಟಿತ್ತು. ಅದರ ತಲೆಯಲ್ಲಿ ಸೂರ್ಯಚಂದ್ರರ ಚಿತ್ರ; ಅದರ ಕೆಳಗೆ ಇರುವೆಯ ಸಾಲಿನಂತೆ ಅಕ್ಷರಗಳು. ದನ ಮೇಯಿಸುವವರು ಅದಕ್ಕೆ ಬೆನ್ನು ಉಜ್ಜಿಕೊಳ್ಳುತ್ತಿದ್ದರು. ಹುಡುಗರಾದ ನಾವು ಅದರ ಮೇಲೆ ಕತ್ತಿ ಮಸೆಯುತ್ತಿದ್ದೆವು. ಅದರಲ್ಲೇನು ಬರೆದಿದೆಯೆಂದು ನಾನು ಕೇಳಿದಾಗ ನನ್ನ ಸೋದರಮಾವಂದಿರು, 'ನಿಧಿಯ ಗುರುತು ಕಣೋ ಅದು, ಓದಿದವನು ರಕ್ತ ಕಾರಿ ಸಾಯುತ್ತಾನೆ, ಸುಮ್ಮನಿರು' ಎಂದರು. ಈ ಉತ್ತರ ಕರ್ನಾಟಕದ ಯಾವ ಹಳ್ಳಿಯಲ್ಲಿ ಕೇಳಿದರೂ ದೊರೆಯುವಂಥದು. ಇದನ್ನು ನಂಬಿ ಶಾಸನಗಳನ್ನು ಅಗೆದು ಕೆಡವಿದ ನಿಧಿಗಳ್ಳರೂ ಉಂಟು, ಇದಕ್ಕೆ ಹೆದರಿ ಅವುಗಳನ್ನು ಮುಟ್ಟದೆ ಉಳಿಸಿದ ಊರುಗಳೂ ಉಂಟು. ನಾನು ಹೆದರಿದವರ ಪಂಗಡಕ್ಕೆ ಸೇರಿ ಸುಮ್ಮನಾದೆನು.

ಸುಮ್ಮನಾಗದಿದ್ದವರು ಒಬ್ಬರಿದ್ದರು. ಬೆಂಜಮಿನ್ ಲೂಯಿಸ್ ರೈಸ್ ಅವರು 1837ರಲ್ಲಿ ಬೆಂಗಳೂರಿನಲ್ಲಿಯೇ ಪಾದರಿಯೊಬ್ಬರ ಮಗನಾಗಿ ಹುಟ್ಟಿದವರು. ಇಂಗ್ಲೆಂಡಿನಲ್ಲಿ ಓದಿ ಹಿಂದಿರುಗಿ ಬೆಂಗಳೂರಿನ ಹೈಸ್ಕೂಲಿಗೆ ಮುಖ್ಯಸ್ಥರಾದರು. ಮುಂದೆ ಮೈಸೂರು ಕೊಡಗು ಸೀಮೆಗಳ ಶಾಲೆಗಳಿಗೆ ಇನ್‌ಸ್ಪೆಕ್ಟರಾದರು. ಕ್ರಮೇಣ ವಿದ್ಯಾ ಇಲಾಖೆಯ ಡೈರೆಕ್ಟರೂ ಆದರು. ಶಾಸನವನ್ನು ಓದುವುದು ಅವರ ಪಾಲಿನ ಕೆಲಸವಾಗಿರಲಿಲ್ಲ. ಮಕ್ಕಳನ್ನು ಪ್ರಶ್ನೆ ಕೇಳುವುದು ಅವರ ಉದ್ಯೋಗ. ಆದರೆ ಹಳ್ಳಿಯಿಂದ ಹಳ್ಳಿಗೆ ತನಿಖೆಗೆಂದು ತಿರುಗುವಾಗ ಶಾಲೆಯ ಹೊರಗೆ, ಗುಡಿಯ ಅಂಗಳದಲ್ಲಿ, ಕೆರೆಯ ಕೋಡಿಯಲ್ಲಿ ನಿಂತಿದ್ದ ಕಲ್ಲುಗಳು ಅವರನ್ನೇ ಪ್ರಶ್ನೆ ಕೇಳತೊಡಗಿದುವು. ಮೇಜರ್ ಡಿಕ್ಸನ್ ಎಂಬವರು 1865ರ ಸುಮಾರಿಗೆ ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳು ಅವರಿಗೆ ಆಧಾರವಾಗಿ ದೊರೆತು, 1879ರಲ್ಲಿ ಮೈಸೂರಿನ ಶಾಸನಗಳೆಂಬ ಇಂಗ್ಲಿಷ್ ಪುಸ್ತಕ ಹೊರಬಂದಿತು. ಅಷ್ಟರಲ್ಲಿ ಸರ್ಕಾರಕ್ಕೂ ಇದರ ಬೆಲೆ ಗೊತ್ತಾಯಿತೆನ್ನಬೇಕು. 1884ರ ಸುಮಾರಿಗೆ ಪುರಾತತ್ತ್ವದ ಕೆಲಸ ಅವರ ಪಾಲಿಗೆ ಅಧಿಕೃತವಾಗಿಯೇ ಬಂದಿತು. 1886ರಲ್ಲಿ ಕೊಡಗಿನ ಶಾಸನಗಳಿಂದ ಮೊದಲಾದ 'ಎಪಿಗ್ರಾಫಿಯಾ ಕರ್ನಾಟಿಕಾ' ಗ್ರಂಥಮಾಲೆ ಹನ್ನೆರಡು ಸಂಪುಟಗಳಲ್ಲಿ ಸುಮಾರು 9000 ಶಾಸನಗಳನ್ನು ಲೋಕಕ್ಕೆ ಒಪ್ಪಿಸಿತು. 1906ರಲ್ಲಿ ಅವರು ನಿವೃತ್ತರಾದಾಗ, ಅವರ ಕೈಕೆಳಗೆ ದುಡಿದಿದ್ದ ಆರ್. ನರಸಿಂಹಾಚಾರ್ಯರು ಪುರಾತತ್ತ್ವ ಇಲಾಖೆಯ ಭಾರವನ್ನು ವಹಿಸಿಕೊಂಡರು. 'ಕರ್ಣಾಟಕ ಕವಿಚರಿತೆ'ಯ ಕರ್ತೃಗಳು ಅವರೇ.

9000 ಶಾಸನಗಳೆಂಬ ಸಂಖ್ಯೆಯನ್ನು ಹೇಳಿ ಮುಂದೆ ಹೋಗಿಬಿಡುವುದು ಸುಲಭ. ಒಂದು ಶಾಸನದ ಹಿಂದೆ ಎಷ್ಟು ಕೆಲಸವಿದೆಯೆಂಬುದನ್ನು ಸ್ವಲ್ಪ ನಿಂತು ನೋಡಬೇಕು. ಕಲ್ಲಿಗೆ ಹತ್ತಿದ ಪಾಚಿಯನ್ನೂ ಎಣ್ಣೆಜಿಡ್ಡನ್ನೂ ಉಜ್ಜಿ ತೊಳೆಯಬೇಕು. ತೋಯಿಸಿದ ಕಾಗದವನ್ನು ಅದರ ಮೈಗೆ ಹೊದಿಸಿ, ಗಡುಸು ಕೂದಲಿನ ಬ್ರಷ್ಷಿನಿಂದ ತಟ್ಟಿ ತಟ್ಟಿ ಕಾಗದವು ಅಕ್ಷರದ ಕುಳಿಗಳೊಳಗೆ ಇಳಿಯುವಂತೆ ಮಾಡಬೇಕು. ಅರೆ ಒಣಗಿದಾಗ ಮಸಿಯ ಗುಬುಟನ್ನು ಮೆಲ್ಲನೆ ಒತ್ತಿದರೆ ಕಲ್ಲಿನ ಮೈ ಕಪ್ಪಾಗಿ ಅಕ್ಷರಗಳು ಬೆಳ್ಳಗೆ ಏಳುತ್ತವೆ. ಕಾಗದವಿಲ್ಲದವನು ಸಂಜೆಯ ಓರೆಬಿಸಿಲು ಬೀಳುವ ತನಕ ಕಾಯಬೇಕು. ನಡುಹಗಲಲ್ಲಿ ಕಾಣದ ಕೊಂಬು ಕೊಂಡಿಗಳು ಆಗ ನೆರಳು ಹಿಡಿದು ಕಾಣಿಸಿಕೊಳ್ಳುತ್ತವೆ. ಅಷ್ಟಾದ ಮೇಲೆಯೂ ಓದಿದ್ದು ಬಹುಪಾಲು ಯಾರೋ ಒಬ್ಬ ಗೌಡನು ಕೆರೆ ಕಟ್ಟಿಸಿದ್ದು, ತುರು ಹರಿದಾಗ ಕಾದಿ ಸತ್ತದ್ದು, ದೇವರ ನಂದಾದೀವಿಗೆಗೆ ಎಣ್ಣೆ ಬಿಟ್ಟದ್ದು. ಸಾಮ್ರಾಜ್ಯದ ಹಿರಿಯ ಸುದ್ದಿ ಸಾವಿರದಲ್ಲಿ ಹತ್ತು. ರೈಸರ ಹೆಗ್ಗಳಿಕೆಯನ್ನು ನಾನು ಕಾಣುವುದು ಇಲ್ಲಿಯೇ: ತಾಲ್ಲೂಕು ತಾಲ್ಲೂಕಾಗಿ ನಂಬರು ಹಾಕಿ, ಎಣ್ಣೆ ಬಿಟ್ಟವನ ಶಾಸನಕ್ಕೂ ಚಕ್ರವರ್ತಿಯ ಶಾಸನಕ್ಕೂ ಒಂದೇ ಮಣೆ ಹಾಕಿದುದರಲ್ಲಿ.

ನಾನು ಕಾಲೇಜಿಗೆ ಹೋದ ಮೇಲೆ ಒಂದು ಮಳೆಗಾಲದ ಮಧ್ಯಾಹ್ನ, ಹೊರಗೆ ಹೋಗಲಾಗದ ಕಾರಣಕ್ಕೆ, ಗ್ರಂಥಭಂಡಾರದಲ್ಲಿ ನಮ್ಮ ಜಿಲ್ಲೆಯ ಸಂಪುಟವನ್ನು ತಿರುವುತ್ತಿರುವಾಗ ನಮ್ಮೂರ ಹೆಸರು ಕಣ್ಣಿಗೆ ಬಿತ್ತು. ಊರ ಹೆಸರು, ನಂಬರು, 'ಕೆರೆಯ ಏರಿಯ ಮೇಲಣ ಕಲ್ಲು' ಎಂಬ ಒಕ್ಕಣೆ. ನಿಧಿಯೂ ಇಲ್ಲ, ರಕ್ತ ಕಾರುವ ಶಾಪವೂ ಇಲ್ಲ. ಕೆರೆಯನ್ನು ಕಟ್ಟಿಸಿದವನಿಗೆ ಊರ ಮಹಾಜನರು ಕೆರೆಯ ಕೆಳಗೆ ಬಿತ್ತುವಟ್ಟವಾಗಿ ಇಷ್ಟು ಗದ್ದೆಯನ್ನು ಬಿಟ್ಟರೆಂದೂ, ಅದಕ್ಕೆ ಪ್ರತಿಯಾಗಿ ಅವನೂ ಅವನ ಮಕ್ಕಳೂ ವರ್ಷವರ್ಷವೂ ಹೂಳೆತ್ತಿಸಿ ಏರಿಗೆ ಮಣ್ಣು ಹಾಕಿಸತಕ್ಕದ್ದೆಂದೂ ಬರೆದಿತ್ತು. ನಾವು ಈಜು ಕಲಿತ ಕೆರೆಯ ಕರಾರುಪತ್ರ ಅದು! ನಾನು ಕತ್ತಿ ಮಸೆದದ್ದು ಆ ಕರಾರಿನ ಮೇಲೆ. ನನ್ನಲ್ಲಿ ಅಂದು ಹುಟ್ಟಿದ ನಾಚಿಕೆಯೇ, ಈ ದಿನ ಇಲ್ಲಿ ನಿಂತು ಮಾತನಾಡುವುದಕ್ಕೆ ನನಗಿರುವ ಏಕೈಕ ಅರ್ಹತೆ.

ಜಿಜ್ಞಾಸೆ ಬಿಡುವಿನ ಕೂಸೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹೊಟ್ಟೆಗೆ ಬಟ್ಟೆಗೆ ಸಾಕಷ್ಟಿದ್ದು, ಕಚೇರಿಯ ಗಂಟೆಯಿಲ್ಲದವನು ಮಾತ್ರ ಅದನ್ನು ಸಾಕಬಲ್ಲನೆಂದು ನಾವು ತಿಳಿದಿದ್ದೇವೆ. ನಿವೃತ್ತರಾದ ಮೇಲೆ ನೋಡಿಕೊಳ್ಳೋಣವೆಂದು ಎಷ್ಟೋ ಜನ ಅದನ್ನು ಪಿಂಚಣಿಯ ಕಾಗದಗಳೊಡನೆ ಕಟ್ಟಿಡುತ್ತಾರೆ. ನಾನು ನೋಡಿದ ಮಟ್ಟಿಗೆ ಅದು ಹುಟ್ಟುವುದು ದುಡಿಮೆಯ ಮಗ್ಗುಲಲ್ಲಿಯೇ. ಕೆಲಸದ ನಡುವೆ ಅಡ್ಡ ಬಂದ ವಸ್ತುವೊಂದನ್ನು ಅಡ್ಡಿಯೆಂದು ಪಕ್ಕಕ್ಕೆ ಸರಿಸಿದರೆ ಕೆಲಸ ಬೇಗ ಮುಗಿಯುತ್ತದೆ, ಪ್ರಶ್ನೆ ಸಾಯುತ್ತದೆ. ಎರಡು ನಿಮಿಷ ಅದರ ಮುಂದೆ ನಿಂತರೆ ಕೆಲಸವೇನೂ ಕೆಡುವುದಿಲ್ಲ, ಪ್ರಶ್ನೆ ಬದುಕುತ್ತದೆ.

ಮೈಸೂರಿನಲ್ಲಿ ಹೀಗೆ ನಿಂತವರು ಒಬ್ಬರಿದ್ದರು. ರುದ್ರಪಟ್ಟಣದ ಶಾಮಶಾಸ್ತ್ರಿಗಳು 1891ರಲ್ಲಿ ಸ್ಥಾಪಿತವಾದ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರು. ಓಲೆಗರಿಯ ಕಟ್ಟುಗಳನ್ನು ಬಿಚ್ಚುವುದು, ಧೂಳೊರೆಸುವುದು, ಹುಳು ಹಿಡಿಯದಂತೆ ಎಣ್ಣೆ ಸವರುವುದು, ಮೊದಲ ಗರಿಯನ್ನೂ ಕೊನೆಯ ಗರಿಯನ್ನೂ ಓದಿ ಪಟ್ಟಿಯಲ್ಲಿ ಹೆಸರು ಬರೆಯುವುದು, ಇಂಥ ಕೆಲಸವೇ ಅಲ್ಲಿ ನಿತ್ಯದ ಕೆಲಸ. ವೈಶಾಖದ ಸೆಕೆಯಲ್ಲಿ ಅದಕ್ಕಿಂತ ನಿದ್ರೆ ಬರಿಸುವ ಉದ್ಯೋಗ ಇನ್ನೊಂದಿರಲಾರದು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಂದು ಒಪ್ಪಿಸಿದ ಗ್ರಂಥಲಿಪಿಯ ಕಟ್ಟೊಂದು 1905ರ ಸುಮಾರಿಗೆ ಅವರ ಕೈಗೆ ಬಂದಿತು. ಪಟ್ಟಿಗೆ ಹೆಸರು ಸೇರಿಸುವುದಕ್ಕೆ ಎರಡು ಗರಿ ಓದಿದ್ದರೆ ಸಾಕಿತ್ತು. ಅವರು ಮೂರನೆಯ ಗರಿಗೂ ಕೈಹಾಕಿದರು. ದಂಡಿಯೂ ಬಾಣನೂ ಹೆಸರೆತ್ತಿದ, ಆದರೆ ಶತಮಾನಗಳಿಂದ ವಿದ್ವಲ್ಲೋಕದ ಕಣ್ಣಿಗೆ ಬೀಳದಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದಾಗಿತ್ತು. ಮೂಲ 1909ರಲ್ಲಿಯೂ ಅವರದೇ ಇಂಗ್ಲಿಷ್ ಅನುವಾದ 1915ರಲ್ಲಿಯೂ ಅಚ್ಚಾದುವು. ಪ್ರಾಚೀನ ಭಾರತೀಯರು ಪರಲೋಕವನ್ನು ಮಾತ್ರ ಚಿಂತಿಸಿದರೆಂಬ ಹಳೆಯ ಆಕ್ಷೇಪಣೆಗೆ, ತೂಕದ ಕಲ್ಲು, ಉಪ್ಪಿನ ಸುಂಕ, ಆನೆಯ ಕಾಡು, ನೂಲಿನ ಕೂಲಿ ಇವೆಲ್ಲವನ್ನೂ ಲೆಕ್ಕ ಹಾಕಿದ ಈ ಗ್ರಂಥವೇ ಉತ್ತರವಾಯಿತು. ಅಧಿಕಾರಿಗಳು ಸರ್ಕಾರದ ಹಣವನ್ನು ನುಂಗುವ ನಲವತ್ತು ದಾರಿಗಳ ಪಟ್ಟಿಯೂ ಅದರಲ್ಲಿದೆ. ದತ್ತಿಯ ಮೂಲಪುರುಷರು ಶಿರಸ್ತೇದಾರರಾಗಿದ್ದವರಾದ್ದರಿಂದ ಆ ಪಟ್ಟಿಯನ್ನು ಕಂಡಿದ್ದರೆ ನಲವತ್ತೊಂದನೆಯದನ್ನು ಸೇರಿಸುತ್ತಿದ್ದರೋ ಏನೋ ಎಂದು ನನಗೆ ಅನ್ನಿಸುವುದುಂಟು. ಕಟ್ಟನ್ನು ತಂದುಕೊಟ್ಟ ಪಂಡಿತರ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಪ್ರಶ್ನೆಯನ್ನು ಕೊಲ್ಲುವುದರಲ್ಲಿ ಆಲಸ್ಯಕ್ಕಿಂತ ಸಮರ್ಥವಾದುದು ಬೇಗ ಸಿಕ್ಕ ಉತ್ತರ. ಬಳ್ಳಾರಿಯ ಕಡೆ ಬೂದಿದಿಬ್ಬಗಳೆಂಬ ಗುಡ್ಡಗಳಿವೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ಬಳಿ ಒಂದನ್ನು ನೋಡಬಹುದು. ಮಣ್ಣಿನ ನಡುವೆ ಇಷ್ಟೊಂದು ಬೂದಿ, ಕೆಲವೆಡೆ ಗಾಜಿನಂತೆ ಕರಗಿ ಗಟ್ಟಿಯಾದದ್ದು, ಎಲ್ಲಿಂದ ಬಂತು? ಹಂಪಿಯ ಹತ್ತಿರ ನಿಂಬಾಪುರದವರನ್ನು ಕೇಳಿದರೆ, ಅದು ವಾಲಿಯನ್ನು ದಹಿಸಿದ ಸ್ಥಳ. ಬೇರೆ ಕಡೆ ಕೇಳಿದರೆ ರಾಕ್ಷಸರ ಮೂಳೆಯ ಬೂದಿ. ಈ ಉತ್ತರಗಳನ್ನು ಕೇಳಿ ನಗುವವರಲ್ಲಿ ನಾನಿಲ್ಲ. ಇದನ್ನು ಮೊದಲು ಹೇಳಿದವನು ಪ್ರಶ್ನೆಯನ್ನು ಕಂಡವನು. ಬೂದಿ ಇರಬೇಕಾದರೆ ಇಲ್ಲಿ ಏನೋ ಬಲು ದೊಡ್ಡದು ಉರಿದಿರಬೇಕೆಂದು ತರ್ಕಿಸಿದವನು. ತನಗೆ ಗೊತ್ತಿದ್ದ ದೊಡ್ಡ ದೇಹಗಳಲ್ಲಿ ಒಂದನ್ನು ಅಲ್ಲಿ ಸುಟ್ಟನು. ಅವನ ತರುವಾಯ ಬಂದವರು ಮಾತ್ರ ಉತ್ತರವನ್ನು ಕಾಪಾಡಿ ಪ್ರಶ್ನೆಯನ್ನು ಮರೆತರು. ಕಳೆದ ಶತಮಾನಕ್ಕೂ ಹಿಂದೆ ಬಂದ ನ್ಯೂಬೋಲ್ಡ್ ಎಂಬ ಸೈನ್ಯಾಧಿಕಾರಿಯೂ, ಬಂಡೆಗಳ ನಕಾಶೆ ತೆಗೆಯುವುದೇ ಉದ್ಯೋಗವಾಗಿದ್ದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್‌ರೂ ಅದನ್ನು ಮತ್ತೆ ಕೇಳಿದರು. ಜ್ವಾಲಾಮುಖಿಯೆಂದವರಿದ್ದರು, ಕುಲುಮೆಯೆಂದವರಿದ್ದರು. ಕಡೆಗೆ 1957ರಲ್ಲಿ ಆಲ್ಚಿನ್ ಎಂಬವರು ತೆಲುಗುನಾಡಿನ ಉತ್ನೂರಿನಲ್ಲಿ ಇಂಥದೇ ದಿಬ್ಬವನ್ನು ಅಗೆದಾಗ, ಬೂದಿಯ ಪದರಗಳ ನಡುವೆ ದನದ ಗೊರಸಿನ ಗುರುತುಗಳು ಅಚ್ಚಳಿಯದೆ ಉಳಿದಿದ್ದುವು. ಸುಮಾರು 4000 ವರ್ಷಗಳ ಹಿಂದೆ ಈ ಸೀಮೆಯ ಗೋಪಾಲಕರು ದೊಡ್ಡಿಗಳಲ್ಲಿ ಶೇಖರವಾದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರ ಶೇಷ ಅದು. ಏಕೆ ಸುಟ್ಟರು, ಬೇನೆಗೆ ಹೆದರಿಯೋ ಹಬ್ಬಕ್ಕೋ ಎಂಬುದು ಇನ್ನೂ ಚರ್ಚೆಯಲ್ಲಿದೆ. ವಾಲಿಗಿಂತ ಹಸುವಿನ ಹೆಜ್ಜೆಯೇ ನನಗೆ ಹೆಚ್ಚು ರೋಮಾಂಚಕರವಾಗಿ ತೋರುತ್ತದೆ.

ಸಂಬಳದವರ ಪೈಕಿ ಸರ್ವಪ್ರಸಿದ್ಧರಾದವರನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ಚಂದ್ರಶೇಖರ ವೆಂಕಟರಾಮನ್ನರು 1907ರಲ್ಲಿ ಕಲ್ಕತ್ತೆಗೆ ಹೋದದ್ದು ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆಗಿ. ಆಗಿನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಬೌಬಜಾರ್ ಬೀದಿಯಲ್ಲಿ, ಮಹೇಂದ್ರಲಾಲ ಸರ್ಕಾರರು 1876ರಲ್ಲಿ ಸ್ಥಾಪಿಸಿದ ವಿಜ್ಞಾನಸಂಘದ ಫಲಕವನ್ನು ಕಂಡು, ಅವರು ಹೋಗಿ ಬಾಗಿಲು ತಟ್ಟಿದರು. ಆಶುತೋಷ ದೇ ಎಂಬ ಸಹಾಯಕರು ತೆರೆದರು. ಅಲ್ಲಿಂದ ಹತ್ತು ವರ್ಷ, ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾದ ಕಾಲವನ್ನು ಬಿಟ್ಟರೆ, ಬೆಳಗ್ಗೆ ಕಚೇರಿಗೆ ಮೊದಲು ಪ್ರಯೋಗ, ಹಗಲು ಲೆಕ್ಕ, ಸಂಜೆ ಮರಳಿ ಪ್ರಯೋಗ. 1917ರಲ್ಲಿ ವಿಶ್ವವಿದ್ಯಾನಿಲಯದ ಪೀಠ ದೊರೆತಾಗ, ಸಂಬಳ ಇಳಿಯುವುದನ್ನು ಲೆಕ್ಕಿಸದೆ, ಲೆಕ್ಕದ ಇಲಾಖೆಯನ್ನು ಬಿಟ್ಟರು.

ಅವರ ಹಡಗಿನ ಕಥೆ ಎಲ್ಲರಿಗೂ ಗೊತ್ತು. 1921ರಲ್ಲಿ ಆಕ್ಸ್‌ಫರ್ಡಿನ ಸಮ್ಮೇಳನಕ್ಕೆ ಹೋಗಿಬರುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಅವರ ಕಣ್ಣನ್ನು ಹಿಡಿಯಿತು. ಕಡಲಿನ ನೀಲಿ ಆಕಾಶದ ಪ್ರತಿಬಿಂಬವೆಂದು ರ್‍ಯಾಲೆ ಪ್ರಭುವಿನಂಥ ಮಹಾವಿಜ್ಞಾನಿ ಹೇಳಿ ಮುಗಿಸಿದ್ದ ವಿಷಯ ಅದು. ರಾಮನ್ನರ ಜೇಬಿನಲ್ಲಿ ನಿಕಾಲ್ ಪ್ರಿಸ್ಮ್ ಎಂಬ ಸಣ್ಣ ಹರಳಿತ್ತು. ನೀರಿನ ಮೇಲ್ಮೈಯಿಂದ ತಕ್ಕ ಓರೆಯಲ್ಲಿ ಪ್ರತಿಫಲಿಸಿದ ಬೆಳಕನ್ನು ಅದರಿಂದ ತಡೆಹಿಡಿಯಬಹುದು. ಹಾಗೆ ತಡೆದಾಗ ನೀಲಿ ಮಾಯವಾದರೆ ಅದು ಆಕಾಶದ ಸಾಲ, ಉಳಿದರೆ ನೀರಿನ ಸ್ವಂತದ್ದು. ತಡೆದು ನೋಡಿದಾಗ ನೀಲಿ ಮತ್ತಷ್ಟು ಗಾಢವಾಯಿತು. ನಾರ್ಕುಂಡಾ ಹಡಗಿನಲ್ಲಿಯೇ ಟಿಪ್ಪಣಿ ಸಿದ್ಧವಾಗಿ, ಮುಂಬಯಿ ಬಂದರಿನಿಂದ 'ನೇಚರ್' ಪತ್ರಿಕೆಗೆ ಹೊರಟಿತು. ಅಲ್ಲಿಂದ ಏಳನೆಯ ವರ್ಷದ ಫೆಬ್ರವರಿ 28ಕ್ಕೆ ಅವರ ಹೆಸರಿನ ಪರಿಣಾಮ. 1930ಕ್ಕೆ ನೊಬೆಲ್ ಪಾರಿತೋಷಕ. ಆ ಹಡಗಿನಲ್ಲಿ ನೂರಾರು ಜನ ಕಡಲನ್ನು ನೋಡುತ್ತಿದ್ದರು, ಹರಳು ಒಬ್ಬರ ಜೇಬಿನಲ್ಲಿತ್ತು ಎಂಬುದನ್ನಷ್ಟೆ ನಾನು ಹೇಳಿ ಮುಂದುವರಿಯುತ್ತೇನೆ.

ಏಕೆಂದರೆ ನನಗೆ ಹೆಚ್ಚು ಬೇಕಾದದ್ದು ಅವರ ಮೃದಂಗ. ತಂತಿಯನ್ನು ಮೀಟಿದಾಗ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನದ ಉಪಸ್ವರಗಳು ಹೊಂದಿಕೊಂಡು ಏಳುವುದರಿಂದ ನಾದ ಇಂಪಾಗುತ್ತದೆ. ಬಿಗಿದ ತೊಗಲಿಗೆ ಆ ಭಾಗ್ಯವಿಲ್ಲ. ಅದರ ಉಪಸ್ವರಗಳು ಅಂಥ ಲೆಕ್ಕಕ್ಕೆ ಒಳಪಡದೆ ಒಂದಕ್ಕೊಂದು ಡಿಕ್ಕಿ ಹೊಡೆಯುವುದರಿಂದ ಬರಿಯ ಚರ್ಮವಾದ್ಯ ಸದ್ದು ಮಾಡುತ್ತದೆ, ಶ್ರುತಿಗೆ ನಿಲ್ಲುವುದಿಲ್ಲ. ಹಾಗಿದ್ದರೆ ಮೃದಂಗವೇಕೆ ತಂಬೂರಿಯೊಡನೆ ಕೂಡುತ್ತದೆ? ಕಚೇರಿಗಳಲ್ಲಿ ಕುಳಿತು ತಲೆದೂಗಿದ ಲಕ್ಷಾಂತರ ಜನರಲ್ಲಿ ಯಾರಿಗೂ ಇದು ಪ್ರಶ್ನೆಯಾಗಿ ಕಾಣಲಿಲ್ಲ. ರಾಮನ್ನರು ಶಿವಕಾಳಿ ಕುಮಾರರೊಡನೆ 1920ರಲ್ಲಿ ಒಂದು ಟಿಪ್ಪಣಿಯನ್ನೂ, 1934ರಲ್ಲಿ ಬೆಂಗಳೂರಿನಿಂದ ವಿಸ್ತಾರವಾದ ಲೇಖನವನ್ನೂ ಪ್ರಕಟಿಸಿ ಉತ್ತರ ಕೊಟ್ಟರು: ಬಲಮುಖದ ನಡುವೆ ಹಚ್ಚಿದ ಕರಣೆಯೆಂಬ ಲೇಪದ ಭಾರದಿಂದ ತೊಗಲಿನ ಉಪಸ್ವರಗಳು ತಂತಿಯ ಲೆಕ್ಕಕ್ಕೆ ಬಂದು ಒಪ್ಪಿ ನಿಲ್ಲುತ್ತವೆ. ತೊಗಲಿನ ಮೇಲೆ ನಯವಾದ ಮರಳನ್ನು ಉದುರಿಸಿ, ಅದು ಯಾವ ಯಾವ ರೇಖೆಗಳಲ್ಲಿ ಹೋಗಿ ನೆಲೆಗೊಳ್ಳುತ್ತದೆಂಬುದನ್ನು ನೋಡಿ ಈ ಮಾತನ್ನು ಅವರು ಕಣ್ಣಿಗೆ ಕಾಣಿಸಿದರು.

ಇಲ್ಲಿ ನಮ್ಮ ನಮಸ್ಕಾರ ಇನ್ನೊಬ್ಬನಿಗೂ ಸಲ್ಲಬೇಕು. ಕರಣೆಗೆಂದು ಕಿಟ್ಟದ ಪುಡಿಯನ್ನು ಅನ್ನದೊಡನೆ ಕಲಸಿ ನಾದಿ, ಎಳ್ಳಿನಷ್ಟೆಳ್ಳಿನಷ್ಟಾಗಿ ಹಚ್ಚುತ್ತ, ಪ್ರತಿಯೊಂದು ಪದರವನ್ನೂ ಗುಂಡುಕಲ್ಲಿನಿಂದ ತೀಡುತ್ತ, ನಡುನಡುವೆ ಬೆರಳಿನಿಂದ ತಟ್ಟಿ ಕಿವಿಗೊಟ್ಟು, ಇನ್ನೂ ಸಾಲದು, ಇನ್ನೊಂದು ಪದರ ಎಂದುಕೊಂಡ ಮೊದಲನೆಯ ವಾದ್ಯಗಾರ ಯಾರು? ಅವನಿಗೆ ಗಣಿತ ಗೊತ್ತಿರಲಿಲ್ಲ; ತೆಳುವಾಗಿ ಹಚ್ಚಿದರೆ ಹೀಗೆ, ದಪ್ಪವಾದರೆ ಹಾಗೆ ಎಂದು ಎಷ್ಟು ತೊಗಲುಗಳನ್ನು ಕೆಡಿಸಿ ಕಲಿತನೋ! ತೊಗಲಿನ ಕೆಲಸವೆಂದು ಸಮಾಜವು ಅವನನ್ನು ಅಂಗಳದಾಚೆ ನಿಲ್ಲಿಸಿ, ಅವನ ಕೈಯಿಂದ ಬಂದ ನಾದವನ್ನು ಮಾತ್ರ ದೇವರ ಸನ್ನಿಧಿಗೆ ಬರಮಾಡಿಕೊಂಡಿತು. ರಾಮನ್ನರ ಹೆಸರು ಉಳಿದದ್ದು ನ್ಯಾಯ. ಅವನ ಹೆಸರು ಅಳಿದದ್ದು ನ್ಯಾಯವೆಂದು ನನಗೆ ತೋರುವುದಿಲ್ಲ.

ಹೆಸರಿಲ್ಲದವರ ಮಾತು ಬಂದಾಗ ನಮ್ಮ ಅಜ್ಜಿಯನ್ನು ನೆನೆಯದಿದ್ದರೆ ತಪ್ಪಾದೀತು. ಒಮ್ಮೆ ಸಂಜೆ ಮನೆಯಲ್ಲಿ ಹೆಪ್ಪು ಮುಗಿದಿತ್ತು. ದೀಪ ಹಚ್ಚಿದ ಮೇಲೆ ನೆರೆಮನೆಯಿಂದ ಮೊಸರನ್ನು ತರುವಂತಿಲ್ಲ, ಅವರು ಕೊಡುವಂತೆಯೂ ಇಲ್ಲ. ಮೆಣಸಿನಕಾಯಿಯ ತೊಟ್ಟಿನಿಂದಲೂ ಹಾಲು ಹೆಪ್ಪಾಗುತ್ತದೆಂದು ಎಲ್ಲಿಯೋ ಕೇಳಿದ್ದುದು ಅವರಿಗೆ ನೆನಪಾಗಿ, ಉಗುರುಬೆಚ್ಚಗಿನ ಹಾಲಿಗೆ ನಾಲ್ಕು ತೊಟ್ಟು ಹಾಕಿದರು. ಬೆಳಗ್ಗೆ ಹಾಲು ಹಾಲಾಗಿಯೇ ಇತ್ತು. ಆ ದಿನ ಹೆಪ್ಪು ಸಿಕ್ಕಿತು, ಅಲ್ಲಿಗೆ ಅಗತ್ಯವೇನೋ ಮುಗಿಯಿತು. ಅಜ್ಜಿಯ ಪ್ರಶ್ನೆ ಮಾತ್ರ ಮುಗಿಯಲಿಲ್ಲ. ಮರುದಿನ ಬೇರೊಂದು ಲೋಟದಲ್ಲಿ ಎಂಟು ತೊಟ್ಟು. ಅದರ ಮರುದಿನ ಒಲೆಯ ಮಗ್ಗುಲ ಬೂದಿಯ ಬಿಸುಪಿನಲ್ಲಿಟ್ಟು ಎಂಟು ತೊಟ್ಟು. ಮೂರನೆಯ ಲೋಟ ಗಟ್ಟಿಯಾಯಿತು. ತೊಟ್ಟಿನ ಮೇಲೆ ವಾಸಿಸುವ ಸೂಕ್ಷ್ಮಜೀವಿಗಳಿಗೆ ಎಣಿಕೆಗಿಂತ ಬೆಚ್ಚನೆಯ ಮನೆ ಮುಖ್ಯವೆಂದು ಅಜ್ಜಿಗೆ ಯಾವ ಪುಸ್ತಕವೂ ಹೇಳಿರಲಿಲ್ಲ. 'ಖಾರವಾಗಿರುತ್ತೇನೋ ಅಂದ್ಕೊಂಡಿದ್ದೆ ಕಣೋ, ಇಲ್ಲ' ಎಂದು ಬೆರಳು ಚೀಪುತ್ತ ಅವರು ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಇಂಥವರ ಮನೆಯಲ್ಲಿ ಬೆಳೆದೂ ನಾನು ಏನು ಮಾಡಿದೆನೆಂಬುದನ್ನು ಮರೆಮಾಚಬಾರದು. ನಾನು ಮೇಷ್ಟರಾದ ಮೊದಲ ವರ್ಷಗಳಲ್ಲಿ, ಒಂದು ಮಧ್ಯಾಹ್ನ, ಸಂಧಿಪ್ರಕರಣದ ಪಾಠ ನಡೆದಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, 'ಸಾರ್, ಲೋಪಸಂಧಿ ನಮ್ಮವ್ವನ ಮಾತಿನಲ್ಲಿಯೂ ಇದೆ, ಆದರೆ ಸವರ್ಣದೀರ್ಘಸಂಧಿ ಯಾಕಿಲ್ಲ?' ಎಂದು ಕೇಳಿದನು. ಕನ್ನಡದ ಸ್ವಭಾವವೇನು, ಸಂಸ್ಕೃತದಿಂದ ಬಂದದ್ದೇನು ಎಂಬ, ವೈಯಾಕರಣರು ಸಾವಿರ ವರ್ಷದಿಂದ ಚಿಂತಿಸುತ್ತ ಬಂದ ಸಮಸ್ಯೆಯನ್ನು ಆ ಹುಡುಗ ತನ್ನ ಅಡಿಗೆಮನೆಯಿಂದ ನನ್ನ ಮೇಜಿನ ಮೇಲೆ ತಂದಿಟ್ಟಿದ್ದನು. ಪರೀಕ್ಷೆಗೆ ಇನ್ನು ಮೂರೇ ವಾರವಿತ್ತು. 'ಪರೀಕ್ಷೆಗೆ ಇಷ್ಟು ಸಾಕು, ಕೂತುಕೋ' ಎಂದೆನು. ಅವನು ಕೂತನು, ಆಮೇಲೆ ಆ ವರ್ಷದಲ್ಲಿ ಅವನು ಮತ್ತೆ ಏಳಲಿಲ್ಲ. ನಮ್ಮ ಸೋದರಮಾವನ ರಕ್ತ ಕಾರುವ ಶಾಪಕ್ಕೂ ನನ್ನ ಈ ಮಾತಿಗೂ ಏನು ಅಂತರವೆಂದು ನಾನು ಬಹುಕಾಲ ಯೋಚಿಸಿದ್ದೇನೆ.

ಆ ದಿನದಿಂದ ಒಂದು ಸಣ್ಣ ಪುಸ್ತಕವನ್ನು ಜೇಬಿನಲ್ಲಿಟ್ಟುಕೊಳ್ಳುವ ಅಭ್ಯಾಸ ಮಾಡಿಕೊಂಡೆನು. ಉಪದೇಶವಲ್ಲ, ನಾನು ಮಾಡಿದ್ದನ್ನು ಹೇಳುತ್ತಿದ್ದೇನೆ. ಅದರಲ್ಲಿ ಉತ್ತರ ಬರೆಯುವುದಿಲ್ಲವೆಂಬುದೇ ಅದರ ನಿಯಮ. ಕೇಳಿದ ಪ್ರಶ್ನೆ, ಕೇಳಿದವರ ಹೆಸರು, ತಾರೀಖು, ಅಷ್ಟೆ. ನಕ್ಷತ್ರದ ಮಳೆಗಳೇಕೆ ಹದಿಮೂರು ಹದಿನಾಲ್ಕು ದಿನಕ್ಕೊಂದರಂತೆ ಬದಲಾಗುತ್ತವೆಂದು ಒಬ್ಬ ರೈತರು ಕೇಳಿದರು. ಸೂರ್ಯನು ವರ್ಷದಲ್ಲಿ ಇಪ್ಪತ್ತೇಳು ನಕ್ಷತ್ರಗಳನ್ನು ದಾಟುವುದರಿಂದ ಎಂದು ಲೆಕ್ಕ ಮಾಡಿ ನೋಡಿಕೊಳ್ಳುವುದಕ್ಕೆ ನನಗೆ ಮೂರು ತಿಂಗಳು ಹಿಡಿಯಿತು, ಭಾಗಾಕಾರ ಮಾತ್ರ ಮೂರು ನಿಮಿಷದ್ದು. ಹಳೆಯ ಪುಸ್ತಕಗಳನ್ನು ತಿರುವಿದರೆ ಮುಕ್ಕಾಲು ಪಾಲು ಪ್ರಶ್ನೆಗಳು ಹಾಗೆಯೇ ಉಳಿದಿವೆ. ಅವುಗಳಲ್ಲಿ ಕೆಲವು ಮೂರ್ಖ ಪ್ರಶ್ನೆಗಳು. ಯಾವುವು ಎಂದು ಬರೆದ ದಿನ ಗೊತ್ತಾಗಿರಲಿಲ್ಲ.

ಆ ಪುಸ್ತಕಗಳಲ್ಲಿ ಮೊದಲನೆಯದರ ಮೊದಲ ಪುಟದಲ್ಲಿರುವುದು ನಮ್ಮೂರ ಕಲ್ಲಿನ ವಿಷಯ. ಸಂಪುಟದಲ್ಲಿ ಆ ಶಾಸನದ ಪಾಠ, ಗದ್ದೆಯ ಎಲ್ಲೆಗಳನ್ನು ಹೇಳಿ, ಈ ಧರ್ಮಕ್ಕೆ ತಪ್ಪಿದವನು ಎಂಬಲ್ಲಿಗೆ ಬಂದು ನಿಂತುಬಿಡುತ್ತದೆ. ಮುಂದಿನ ಸಾಲುಗಳು ನೆಲದೊಳಗೆ ಹೂತಿವೆಯೆಂದು ಕೆಳಗೆ ಸಣ್ಣ ಅಕ್ಷರದ ಟಿಪ್ಪಣಿಯಿದೆ. ತಪ್ಪಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪವೆಂಬ ವಾಡಿಕೆಯ ಮಾತೇ ಅಲ್ಲಿ ಇದ್ದೀತು. ಹೂಳೆತ್ತದೆ ಬಿಟ್ಟವನಿಗೆ ಬೇರೊಂದು ದಂಡವೂ ಇದ್ದೀತು. ಕಲ್ಲನ್ನು ಕಡೆದ ರೂವಾರಿಯ ಹೆಸರಾದರೂ ಇದ್ದರೆ, ಈ ದಿನ ಹೆಸರಿಲ್ಲದವರ ಪಟ್ಟಿಯಲ್ಲಿ ಒಬ್ಬನು ಕಡಮೆಯಾದಾನು. ಕಳೆದ ತಿಂಗಳು ಊರಿಗೆ ಹೋದಾಗ ಪಂಚಾಯಿತಿಯವರಲ್ಲಿ ವಿಚಾರಿಸಿದೆನು. ಕಲ್ಲನ್ನು ಅಲುಗಿಸದೆ, ಬುಡದ ಮಣ್ಣನ್ನಷ್ಟೇ ಒಂದು ಮೊಳ ಬಿಡಿಸಿ ನೋಡಿ ಮತ್ತೆ ಮುಚ್ಚುವುದಕ್ಕೆ ಅವರ ಒಪ್ಪಿಗೆಯಿದೆ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಓರೆಬಿಸಿಲು ಸಂಜೆ ನಾಲ್ಕೂವರೆಯ ಹೊತ್ತಿಗೆ ಏರಿಯ ಮೇಲೆ ಬೀಳುತ್ತದೆ. ನನಗೆ ವಯಸ್ಸಾಗಿರುವುದರಿಂದ ಅಗೆಯುವುದಕ್ಕೆ ಇಬ್ಬರು ಬೇಕು. ಬರುವ ಮನಸ್ಸುಳ್ಳವರು ಸಭೆ ಮುಗಿದ ಮೇಲೆ ದಯವಿಟ್ಟು ನನ್ನನ್ನು ಕಾಣಿರಿ. ಗುದ್ದಲಿಯನ್ನು ಊರಿನಲ್ಲಿಯೇ ಕೊಡುತ್ತಾರಂತೆ.